ಎರಡು ವರ್ಷ ಡಕೋಟಾ ಜೊತೆ: ನಾವು ಮರೆತರೂ ಇಂಜಿನ್ ಮರೆಯುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಗುಂಡಿ ಒತ್ತಿ ಹಾರಿಸುವ ವಿಮಾನ ಅಲ್ಲ. ಕೊಂಡ ಮೊದಲ ವಾರ ನಾನು ಗಾಳಿಗೆ ಏರಿದ್ದು ಒಂದೇ ಸಲ. ಉಳಿದ ದಿನವೆಲ್ಲ ನೆಲದ ಮೇಲೆ ಹೊಗೆ ಬಿಡಿಸುವುದರಲ್ಲೇ ಕಳೆಯಿತು.

ಕೊಂಡಿದ್ದು ಡಗ್ಲಸ್ ಡಿಸಿ-3. ನಮ್ಮ ದೇಶದಲ್ಲಿ ಡಕೋಟಾ ಅಂತಲೇ ಹೆಸರಾದದ್ದು. ನಿಜವಾದ ವಿಮಾನ ಅಲ್ಲ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರಿಗೆ ಹಾಕಿಕೊಳ್ಳುವ ಆಡ್-ಆನ್, ಅಂದರೆ ಹೆಚ್ಚುವರಿ ಸಾಫ್ಟ್‌ವೇರ್. ಸುಮಾರು 2,500 ರೂಪಾಯಿ ಬಿತ್ತು. ತಯಾರಕರ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಕೆಳಗೆ ಒಂದೆರಡು ಜಗಳ ಇವೆ. ಯಾರು ಮಾಡಿದ ಡಿಸಿ-3 ಕೊಂಡರೂ ಏನೇನು ನೋಡಿಕೊಳ್ಳಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನನ್ನದು ಬೀದರಿನ ನೌಬಾದ್ ಕಡೆ ಮೋಟಾರ್ ವೈಂಡಿಂಗ್ ಅಂಗಡಿ. ವಿಮಾನದ ಸದ್ದು ನಮಗೆ ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಇಲ್ಲೇ ಇದೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡವೂ ಇಲ್ಲಿನದೇ. 2011ರ ತನಕ ಅವರು ಕಿರಣ್ ಜೆಟ್ ಹಾರಿಸುತ್ತಿದ್ದರು, ಈಗ ಹಾಕ್ ಜೆಟ್. ನನ್ನ ಮಗನಿಗೆ ಸಿಮ್ಯುಲೇಟರಿನಲ್ಲೂ ಜೆಟ್ಟೇ ಬೇಕು. ನನಗೆ ಬೇಕಿದ್ದದ್ದು ಕೆಮ್ಮಿ, ಉಗುಳಿ, ಆಮೇಲೆ ಹೊತ್ತಿಕೊಳ್ಳುವ ಇಂಜಿನ್.

ಸ್ಟಾರ್ಟ್ ಮಾಡುವುದೇ ಇಲ್ಲಿ ಅರ್ಧ ಮಜಾ. ಎಡ ಇಂಜಿನ್‌ಗೆ ಎಡ ಟ್ಯಾಂಕು, ಬಲಕ್ಕೆ ಬಲ. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅನ್ನುವ ಮಿಕ್ಸ್ಚರ್ ಲಿವರ್ ಬಂದ್. ಪ್ರೊಪೆಲರ್ ಲಿವರ್ ಪೂರ್ತಿ ಮುಂದೆ. ಥ್ರಾಟಲ್ ಒಂದು ಬೆರಳಷ್ಟು. ಇಂಜಿನ್ ಸುತ್ತ ಗಾಳಿ ಆಡಲು ಬಿಡುವ ಕೌಲ್ ಫ್ಲ್ಯಾಪ್ ತೆರೆದಿರಬೇಕು. ವಾಬಲ್ ಪಂಪ್ ಅನ್ನೋ ಕೈಪಂಪನ್ನು ಆಡಿಸಿ ಪೆಟ್ರೋಲಿನ ಒತ್ತಡ ಏರಿಸಬೇಕು. ನಂತರ ಪ್ರೈಮರ್, ಅಂದರೆ ಹೊತ್ತಿಕೊಳ್ಳಲು ಇಂಜಿನ್‌ಗೆ ಸ್ವಲ್ಪ ಪೆಟ್ರೋಲ್ ಚಿಮುಕಿಸುವುದು. ಸ್ಟಾರ್ಟರಿನ ಒಳಗೊಂದು ಫ್ಲೈವೀಲ್ ಇದೆ. ಒಂದು ಸ್ವಿಚ್ ಒತ್ತಿ ಹಿಡಿದರೆ ಅದು ಗುಂಯ್ ಅಂತ ವೇಗ ಹಿಡಿಯುತ್ತದೆ, ಇನ್ನೊಂದು ಸ್ವಿಚ್ ಅದನ್ನು ಇಂಜಿನ್‌ಗೆ ಕಚ್ಚಿಸುತ್ತದೆ. ಪ್ರೊಪೆಲರ್ ಒಂದೆರಡು ಸುತ್ತು ಹೊರಳಿದ ಮೇಲೆ ಕಿಡಿ ಕೊಡುವ ಮ್ಯಾಗ್ನೆಟೋ ಆನ್. ಎರಡು ಮೂರು ಸಿಲಿಂಡರ್ ಹಿಡಿದ ಸದ್ದು ಕೇಳಿದ ಕೂಡಲೇ ಮಿಕ್ಸ್ಚರ್ ಮುಂದೆ. ಕೈ ಎರಡೇ, ಕೆಲಸ ಐದು.

ಕರೆಂಟ್ ಅಳೆಯುವ ಅಮ್ಮೀಟರ್ ನೋಡಿ ನನಗೆ ಭಾಳ ಖುಷಿಯಾಯಿತು. ಫ್ಲೈವೀಲ್ ನಿಂತಿದ್ದಾಗ ಮುಳ್ಳು ಜಿಗಿಯುತ್ತದೆ, ವೇಗ ಹಿಡಿದಂತೆ ಕೆಳಗಿಳಿಯುತ್ತದೆ. ಯಾವ ಮೋಟಾರಾದರೂ ಹಾಗೇ ಮಾಡಬೇಕು. ಇನ್ನೊಂದು ವಿಷಯಕ್ಕೆ ಮಾತ್ರ ಮೋಸಹೋದೆ. ಇಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡವನ್ನು ಪಾದರಸದ ಇಂಚಿನಲ್ಲಿ ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಮೀಟರ್, ಇಂಜಿನ್ ಆಫ್ ಇದ್ದರೂ 28 ಇಂಚಿನ ಹತ್ತಿರ ನಿಂತಿತ್ತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ನಿಂತ ಇಂಜಿನ್‌ನಲ್ಲಿ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಸಮುದ್ರದ ಮಟ್ಟದಲ್ಲಿ 30ರ ಹತ್ತಿರ, ಬೀದರಿನ 2,200 ಅಡಿ ಎತ್ತರದಲ್ಲಿ ಎರಡು ಇಂಚು ಕಡಿಮೆ. ಇಷ್ಟು ಸಣ್ಣದನ್ನು ಸರಿ ಮಾಡಿದವರು ಉಳಿದದ್ದನ್ನೂ ಸರಿ ಮಾಡಿರುತ್ತಾರೆ ಅನ್ನಿಸಿತು. ಮುಕ್ಕಾಲು ಪಾಲು ನಿಜವೇ ಆಯಿತು.

ಭಾಲ್ಕಿ ಕಡೆ ನಮ್ಮ ಹೊಲದ ಬಾವಿಗೆ ಹಿಂದೆ ಡೀಸೆಲ್ ಇಂಜಿನ್ ಇತ್ತು. ಅದನ್ನು ನಡೆಸುತ್ತಿದ್ದವರು ನಮ್ಮ ಕಾಕಾ. ಒಮ್ಮೆ ಮನೆಗೆ ಬಂದಾಗ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ನಾನು ಇಂಜಿನ್ ಹೊತ್ತಿದ ಕೂಡಲೇ ರನ್‌ವೇ ಕಡೆ ಹೊರಟೆ.

"ಇಷ್ಟು ಗಡಬಿಡಿ ಯಾಕ್ ಮಾಡ್ಲತ್ತಿ? ಆಯಿಲ್ ಬಿಸಿ ಆಗ್ಲಿ ಬಿಡು," ಅಂದರು.

ಕೈಪಿಡಿ ಹೇಳುವುದೂ ಅದನ್ನೇ. ಆಯಿಲ್ 40 ಡಿಗ್ರಿ ದಾಟದೆ ಇಂಜಿನ್ ಮೇಲೆ ಜೋರು ಹಾಕಬಾರದು. ಕಾಕಾ ಇಂಗ್ಲಿಷ್ ಕೈಪಿಡಿ ಓದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಆಡ್-ಆನ್ ಇಂಜಿನ್ ಸವೆತವನ್ನು ಒಂದು ಹಾರಾಟದಿಂದ ಇನ್ನೊಂದಕ್ಕೆ ಬರೆದಿಟ್ಟುಕೊಳ್ಳುತ್ತದೆ. ಇದಿಲ್ಲದಿದ್ದರೆ ನಾನು ಮೂರು ತಿಂಗಳಿಗೆ ಬಿಟ್ಟುಬಿಡುತ್ತಿದ್ದೆ. ಎರಡೂ ಕಡೆ 14 ಸಿಲಿಂಡರಿನ ಪ್ರ್ಯಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್, ತಲಾ 1,200 ಅಶ್ವಶಕ್ತಿ. ತಂಪಾಗುವುದು ಗಾಳಿಯಿಂದಲೇ, ರೇಡಿಯೇಟರ್ ನೀರು ಇಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಸಿಮ್ಯುಲೇಟರಿನಲ್ಲಿ ಬೀದರಿನ ಅವತ್ತಿನ ಹವಾಮಾನವನ್ನೇ ಹಾಕಿಕೊಂಡೆ. ಹೊರಗೂ ಬೆಂಕಿ, ಒಳಗೂ ಬೆಂಕಿ. ಟೇಕಾಫ್‌ಗೆ ಮ್ಯಾನಿಫೋಲ್ಡ್ 48 ಇಂಚು, ನಿಮಿಷಕ್ಕೆ 2,700 ಸುತ್ತು (ಆರ್‌ಪಿಎಂ). ಅದು ಕೆಲವೇ ನಿಮಿಷಕ್ಕೆ ಇರುವ ಜೋರು. ಕಿಟಕಿಯಲ್ಲಿ ಕೋಟೆ ನೋಡುತ್ತಾ ಮರೆತು ಹಾಗೇ ಏರುತ್ತಾ ಹೋದೆ. ಎಡಗಡೆಯ ಕೌಲ್ ಫ್ಲ್ಯಾಪ್ ಬೇರೆ ಮುಚ್ಚಿತ್ತು.

ಅವತ್ತು ಏನೂ ಆಗಲಿಲ್ಲ. ಮುಂದಿನ ಭಾನುವಾರ ಒಂದೊಂದೇ ಮ್ಯಾಗ್ನೆಟೋ ಮೇಲೆ ಓಡಿಸಿ ಪರೀಕ್ಷೆ ಮಾಡಿದಾಗ ಎಡ ಇಂಜಿನ್ ನೂರಕ್ಕಿಂತ ಜಾಸ್ತಿ ಸುತ್ತು ಕಳೆದುಕೊಂಡಿತು. ಆಯಿಲ್ ಕುಡಿಯಲು ಶುರುಮಾಡಿತು. ದುರಸ್ತಿ ಪುಟದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಹೊಸ ಇಂಜಿನ್. ಒತ್ತಲಿಲ್ಲ. ಸುಟ್ಟ ಮೋಟಾರ್ ತಂದು "ಏನೂ ಮಾಡಿಲ್ರಿ, ತಾನೇ ಸುಟ್ಟದ" ಅನ್ನುವ ಗಿರಾಕಿಗಳ ಮೇಲೆ ದಿನಾ ರೇಗುವವನು ನಾನು.

ಆ ಮೇಲೆ ಕೈ ಹದಕ್ಕೆ ಬಂತು. ಜೋರು ಏರಿಸುವಾಗ ಮೊದಲು ಆರ್‌ಪಿಎಂ, ಆಮೇಲೆ ಮ್ಯಾನಿಫೋಲ್ಡ್. ಇಳಿಸುವಾಗ ತಿರುಗುಮುರುಗು. ಕೆಳಗಿಳಿಯುವಾಗ ಥ್ರಾಟಲ್ ಒಮ್ಮೆಲೇ ಎಳೆಯಬಾರದು, ಮ್ಯಾನಿಫೋಲ್ಡ್ ಒಂದೊಂದೇ ಇಂಚು ಇಳಿಸಬೇಕು.

ಮಳೆಗಾಲದಲ್ಲಿ ಇನ್ನೊಂದು ಪಾಠ. ಬೀದರಿನಿಂದ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ನೇರ ಸುಮಾರು 110 ಕಿಲೋಮೀಟರ್. ದಾರಿಯಲ್ಲಿ ಸಿಂಗೂರು ಅಣೆಕಟ್ಟಿನ ನೀರು ಕಾಣುತ್ತದೆ, ದಾರಿ ತಪ್ಪುವ ಭಯವಿಲ್ಲ. ಮೋಡದೊಳಗೆ ಹೊಕ್ಕಾಗ ಯಾವ ಲಿವರನ್ನೂ ಮುಟ್ಟದೆ ಮ್ಯಾನಿಫೋಲ್ಡ್ ಇಳಿಯತೊಡಗಿತು. ಪಂಪು ಹೋಯಿತು ಅಂತ ಟ್ಯಾಂಕು ಬದಲಿಸಿದೆ. ಪ್ರಯೋಜನವಿಲ್ಲ. ಅದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಕಟ್ಟಿದ ಮಂಜು! ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇರಬೇಕೆಂದಿಲ್ಲ. ಪೆಟ್ರೋಲ್ ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ, ತೇವ ಇದ್ದರೆ ಅಲ್ಲೇ ಮಂಜು ಕೂರುತ್ತದೆ. ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಎಳೆದ ಮೇಲೆ ಸರಿಹೋಯಿತು.

ಬೇಗಂಪೇಟೆಗೇ ಯಾಕೆ ಹೋಗುತ್ತೇನೆ ಅಂದರೆ, ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್ 1945ರಲ್ಲಿ ಶುರುವಾಗಿ ಅಲ್ಲಿಂದಲೇ ಡಕೋಟಾ ಹಾರಿಸುತ್ತಿತ್ತು. ಆಗ ಬೀದರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1953ರಲ್ಲಿ ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸ್‌ಗೆ ಸೇರಿತು.

ಚಕ್ರ ಎತ್ತಲು ಎರಡು ಲಿವರ್. ಒಂದು ಕೊಂಡಿ ಬಿಚ್ಚಲು, ಇನ್ನೊಂದು ಹೈಡ್ರಾಲಿಕ್‌ಗೆ. ಎತ್ತಿದ ಮೇಲೂ ಚಕ್ರ ಅರ್ಧ ಹೊರಗೇ ಕಾಣುತ್ತದೆ, ಅದು ದೋಷ ಅಲ್ಲ, ವಿಮಾನ ಇರುವುದೇ ಹಾಗೆ. ಬಾಲದ ಚಕ್ರದ ಲಾಕ್ ಹಾಕದೆ ಟೇಕಾಫ್ ಮಾಡಲು ಹೋದರೆ ಬುಗುರಿಯಂತೆ ತಿರುಗುತ್ತೀರಿ. ಕೇಳಬೇಡಿ.

ಇನ್ನು ಜಗಳ. ವಾಬಲ್ ಪಂಪನ್ನು ಮೌಸ್‌ನಿಂದ ಎಳೆದಾಡಬೇಕು, ಅದೇ ಹೊತ್ತಿಗೆ ಸ್ವಿಚ್ಚನ್ನೂ ಒತ್ತಬೇಕು. ಒಬ್ಬನೇ ಮನುಷ್ಯನಿಗೆ ಆಗುವ ಕೆಲಸವಲ್ಲ. ನಾನು ಗುಜರಿಯ ಹಿಡಿಕೆಗೊಂದು ಬಟನ್ ಕಟ್ಟಿಕೊಂಡೆ. ಆರು ಲಿವರ್‌ಗಳ ಪೆಟ್ಟಿಗೆಯನ್ನೂ ಅಂಗಡಿಯಲ್ಲೇ ಮಾಡಿದೆ. ಲಿವರ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಅದರ ಪೊಟೆನ್ಶಿಯೋಮೀಟರ್‌ಗಳು ನಮ್ಮೂರ ಧೂಳಿಗೆ ತಿಂಗಳಿಗೊಮ್ಮೆ ನಡುಗುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ದಿಕ್ಕು ತೋರಿಸುವ ಗೈರೋ ನಿಜದಲ್ಲಿ ಮೆಲ್ಲಗೆ ಸರಿಯುತ್ತಾ ಹೋಗುತ್ತದೆ, ಆಗಾಗ ದಿಕ್ಸೂಚಿ ನೋಡಿ ತಿದ್ದಬೇಕು. ಇವರು ಆ ಸರಿಯುವಿಕೆಯನ್ನು ಆಫ್ ಮಾಡಿಟ್ಟು ಕೊಟ್ಟಿದ್ದಾರೆ. ಸೆಟ್ಟಿಂಗ್ ಹುಡುಕಲು ನನಗೆ ಎಂಟು ತಿಂಗಳು ಬೇಕಾಯಿತು. ಕರೆಂಟ್ ಹೋದರೆ ಅವತ್ತಿನ ಹಾರಾಟದ ಲೆಕ್ಕ ಉಳಿಯುವುದಿಲ್ಲ. ಯುಪಿಎಸ್ ಇಲ್ಲದೆ ಕೂರಬೇಡಿ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಕಳೆದ ವರ್ಷದ ಅಪ್‌ಡೇಟ್‌ಗೆ. ನನ್ನ ಎರಡೂ ಇಂಜಿನ್‌ಗಳ ಗಂಟೆಗಳನ್ನು ಅದು ಸೊನ್ನೆ ಮಾಡಿತು. ಮೇಲ್ ಬರೆದೆ. ಹನ್ನೊಂದು ದಿನದ ಮೇಲೆ ಬಂದ ಉತ್ತರ: ಸಂತೋಷಪಡಿ, ಇಂಜಿನ್ ಹೊಸದಾಗಿದೆಯಲ್ಲ. ಪುಣ್ಯಕ್ಕೆ ಹಳೆಯ ಫೈಲ್ ಪೆನ್‌ಡ್ರೈವ್‌ನಲ್ಲಿತ್ತು. ಅದನ್ನು ವಾಪಸ್ ಹಾಕುತ್ತಿದ್ದಾಗ ಮಗ ನೋಡಿದ.

"ಪಪ್ಪಾ, ಹೊಸಾದ್ ಬಿಟ್ಟು ಹಳೇದ್ ಯಾಕ್ ಹಾಕ್ಲತ್ತೀರಿ?"

"ಅದು ನಾನು ಕೆಡಿಸಿದ್ದಪ್ಪ," ಅಂದೆ. ಅವನಿಗೆ ನಗು.

ಐದಕ್ಕೆ ನಾಲ್ಕು ಕೊಡುತ್ತೇನೆ. ಆಫೀಸು ಮುಗಿಸಿ ಬಂದು ಅರ್ಧ ಗಂಟೆ ಸುಮ್ನೆ ಹಾರಬೇಕು ಅನ್ನುವವರು ಕೊಳ್ಳಬೇಡಿ, ಇಂಜಿನ್ ಬಿಸಿಯಾಗುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ. ನನ್ನ ಎಡ ಇಂಜಿನ್ ಈಗ 143 ಗಂಟೆ ಆಗಿದೆ, ಹೊಗೆ ಇನ್ನೂ ನಿಂತಿಲ್ಲ. ಭಾನುವಾರ ಕಾಕಾ ಬರುತ್ತೇನೆ ಅಂದಿದ್ದಾರೆ. ಸದ್ದು ಕೇಳಿ ಯಾವ ಸಿಲಿಂಡರ್ ಅಂತ ಹೇಳುತ್ತಾರಂತೆ.