ಫ್ರೀಜ್ ಹಾಕಿದ ಮೇಲೂ ಫೋನ್ ಬಂತು: ಅಮೆರಿಕದ ಕ್ರೆಡಿಟ್ ಬ್ಯೂರೋಗಳ ಬಗ್ಗೆ ಹಳೆಯ ಬಳಕೆದಾರನ ಮಾತು

ಮೊದಲೇ ಹೇಳಿಬಿಡುತ್ತೇನೆ. ಕ್ರೆಡಿಟ್ ಫ್ರೀಜ್, ಅಂದರೆ ಹೊಸದಾಗಿ ಸಾಲ ಕೊಡುವವರು ನಮ್ಮ ಸಾಲದ ಫೈಲ್ ನೋಡದ ಹಾಗೆ ಬೀಗ ಹಾಕಿಸುವುದು, ಒಳ್ಳೆಯ ಸೌಲಭ್ಯ. 2018ರ ಸೆಪ್ಟೆಂಬರ್‌ನಿಂದ ಪೂರ್ತಿ ಉಚಿತ. ಅಮೆರಿಕದಲ್ಲಿರುವವರೆಲ್ಲ ಹಾಕಿಸಿಕೊಳ್ಳಿ. ಆದರೆ ಸಾಲ ವಸೂಲಿ ಮಾಡುವ ಕಂಪನಿಗಳ ಕೈಗೆ ನಿಮ್ಮ ವಿಳಾಸ, ಫೋನ್ ನಂಬರ್ ಸಿಗದ ಹಾಗೆ ಅದು ತಡೆಯುತ್ತದೆ ಅಂದುಕೊಂಡು ಹಾಕಿಸಿಕೊಳ್ಳಬೇಡಿ. ಅದು ಆ ಕೆಲಸ ಮಾಡುವುದಿಲ್ಲ. ಮಾಡಬೇಕು ಅಂತ ಕಾನೂನೂ ಹೇಳಿಲ್ಲ.

ನಾನಿರುವುದು ಓಹಾಯೋದಲ್ಲಿ. ಜನರ ಸಾಲದ ದಾಖಲೆ ಇಟ್ಟು ಮಾರುವ ಕ್ರೆಡಿಟ್ ಬ್ಯೂರೋಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನನ್ನ ಫೈಲ್ ಇದೆ. ನಾನಾಗಿ ಹೋಗಿ ಸೇರಿದ್ದಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟು ಒಂದು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡೆ. ಅಷ್ಟೇ ಸಾಕಾಯಿತು. ಆಮೇಲೆ ಅಪಾರ್ಟ್‌ಮೆಂಟ್ ಬದಲಿಸಿದಾಗ, ಕಾರಿನ ಸಾಲ ತೆಗೆದಾಗ, ಫೋನ್ ನಂಬರ್ ಬದಲಾದಾಗ ಎಲ್ಲವೂ ಅಲ್ಲಿ ಸೇರುತ್ತಾ ಹೋಯಿತು. ಇಷ್ಟು ವರ್ಷಗಳಲ್ಲಿ ಇವರ ಉಚಿತ ರಿಪೋರ್ಟ್, ಫ್ರೀಜ್, ತಪ್ಪಿದ್ದರೆ ತಕರಾರು ಹಾಕುವ ವ್ಯವಸ್ಥೆ, ಎಲ್ಲವನ್ನೂ ಬಳಸಿದ್ದೇನೆ. ತಿಂಗಳು ತಿಂಗಳು ದುಡ್ಡು ಕಟ್ಟುವ ಒಂದು ಮಾನಿಟರಿಂಗ್ ಚಂದಾ ಕೂಡ ಇತ್ತು.

ಇವುಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ರಿಪೋರ್ಟ್. ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು ಅಂತ 2003ರ ಕಾನೂನು ಹೇಳಿತು. ಈಗ ಮೂರೂ ಬ್ಯೂರೋಗಳು ವಾರಕ್ಕೊಮ್ಮೆ ಕೊಡುತ್ತವೆ. ಆ್ಯನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ಗೆ ಹೋದರೆ ಸಾಕು, ಕಾರ್ಡ್ ನಂಬರ್ ಕೇಳುವುದಿಲ್ಲ. ಹೆಚ್ಚಿನವರು ಖಾತೆಗಳ ಪಟ್ಟಿ ನೋಡಿ ಮುಚ್ಚಿಬಿಡುತ್ತಾರೆ. ನಾನು ಹೇಳುವುದು, ಮೊದಲು ಎನ್‌ಕ್ವೈರಿ ಭಾಗಕ್ಕೆ, ಅಂದರೆ ನಿಮ್ಮ ಫೈಲನ್ನು ಯಾರು ಯಾರು ನೋಡಿದರು ಅನ್ನುವ ಪಟ್ಟಿಗೆ ಹೋಗಿ. ಅಲ್ಲಿ ಎರಡು ಬಗೆ ಇರುತ್ತದೆ. ಹಾರ್ಡ್ ಎನ್‌ಕ್ವೈರಿ ಅಂದರೆ ನೀವು ಸಾಲ ಕೇಳಿದಾಗ ಬ್ಯಾಂಕ್ ನೋಡಿದ್ದು. ಸಾಫ್ಟ್ ಎನ್‌ಕ್ವೈರಿ ಅಂದರೆ ಬೇರೆ ಕಾರಣಕ್ಕೆ ನೋಡಿದ್ದು; ಅದು ನಿಮಗೆ ಮಾತ್ರ ಕಾಣುತ್ತದೆ, ಸ್ಕೋರ್ ಮೇಲೆ ಪರಿಣಾಮ ಇಲ್ಲ. ಪರಿಣಾಮ ಇಲ್ಲ ಅಂತ ಯಾರೂ ಓದುವುದೂ ಇಲ್ಲ. ನನಗೆ ವಸೂಲಿ ಕಂಪನಿಯ ಹೆಸರು ಸಿಕ್ಕಿದ್ದು ಅಲ್ಲೇ.

ಆದದ್ದಿಷ್ಟು. ಒಂದು ದಿನ ಫೋನ್ ಬಂತು. ಯಾವುದೋ ಆಸ್ಪತ್ರೆ ಬಿಲ್ ಬಾಕಿ ಇದೆ, ಕಟ್ಟಿ ಅಂದರು. ನಾನು ಆ ಊರಿಗೆ ಕಾಲೇ ಇಟ್ಟವನಲ್ಲ. ಆದರೆ ಕರೆ ಮಾಡಿದಾಕೆಗೆ ನನ್ನ ಹೆಸರು ಗೊತ್ತಿತ್ತು, ಆಗಷ್ಟೇ ಬದಲಿಸಿದ್ದ ಮನೆಯ ವಿಳಾಸವೂ ಗೊತ್ತಿತ್ತು. ಆಗ ನನ್ನ ಮೂರೂ ಫೈಲುಗಳು ಫ್ರೀಜ್ ಆಗಿದ್ದವು. ರಿಪೋರ್ಟ್ ತೆಗೆದು ನೋಡಿದರೆ ಒಂದು ಬ್ಯೂರೋದಲ್ಲಿ ನನ್ನ ಹಳೆಯ ವಿಳಾಸಗಳ ಸಾಲಿನಲ್ಲಿ ನಾನೆಂದೂ ಇರದ ಊರೊಂದು ಸೇರಿಕೊಂಡಿತ್ತು. ನನ್ನದೇ ಹೆಸರಿನ ಇನ್ನೊಬ್ಬರ ಫೈಲ್ ನನ್ನದರೊಳಗೆ ಬೆರೆತಿತ್ತು.

ನಮ್ಮ ಕಡೆಯವರಿಗೆ ಇದು ಜಾಸ್ತಿ ಆಗುತ್ತದೆ ಅನ್ನುವುದು ನನ್ನ ಅನಿಸಿಕೆ. ಇನಿಷಿಯಲ್ ಇಲ್ಲಿ ಸರ್‌ನೇಮ್ ಆಗುತ್ತದೆ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು ಕೂರುತ್ತದೆ. ಮಂಜುನಾಥ್, ರಾಘವೇಂದ್ರ, ಲಕ್ಷ್ಮಿ ಅಂತ ಹುಡುಕಿದರೆ ಎಷ್ಟು ಜನ ಸಿಗಬಹುದು, ನೀವೇ ಯೋಚಿಸಿ.

ಫ್ರೀಜ್ ಇದ್ದರೂ ಹೇಗೆ ಸಿಕ್ಕಿತು ಅಂತ ಬ್ಯೂರೋಗೆ ಫೋನ್ ಮಾಡಿ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ಕೊನೆಗೆ ಕಾನೂನನ್ನೇ ಓದಬೇಕಾಯಿತು. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್‌ನಲ್ಲಿ ರಿಪೋರ್ಟ್ ಯಾರು ಯಾವ ಕಾರಣಕ್ಕೆ ಕೊಳ್ಳಬಹುದು ಅಂತ ಹೇಳಿದೆ. ಬಾಕಿ ವಸೂಲಿ ಆ ಕಾರಣಗಳಲ್ಲಿ ಒಂದು. ಫ್ರೀಜ್ ಉಚಿತ ಮಾಡಿದ ಕಾನೂನು ಕೂಡ ಇವರನ್ನು ಹೊರಗಿಡಲಿಲ್ಲ. ನೀವು ಈಗಾಗಲೇ ಬಾಕಿ ಇಟ್ಟಿರುವ ಸಂಸ್ಥೆ, ಅದರ ಏಜೆಂಟ್, ಆ ಸಾಲವನ್ನು ಕೊಂಡವರು, ಇವರ್ಯಾರಿಗೂ ವಸೂಲಿಯ ಮಟ್ಟಿಗೆ ಫ್ರೀಜ್ ಅಡ್ಡಿಯಾಗದು. ಫ್ರೀಜ್ ಇರುವುದು ಹೊಸದಾಗಿ ಸಾಲ ಕೊಡುವವರಿಗೆ. ನಿಮ್ಮ ಹೆಸರಲ್ಲಿ ಕಳ್ಳ ಕಾರ್ಡ್ ತೆಗೆಯದ ಹಾಗೆ ಅದು ಚೆನ್ನಾಗಿ ತಡೆಯುತ್ತದೆ. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿದ ಮೇಲೆ ಅದು ಎಲ್ಲರಿಗೂ ಬೇಕೇ ಬೇಕು.

ಇನ್ನೂ ಕಿರಿಕಿರಿಯ ವಿಷಯ ಬೇರೆ ಇದೆ. ಫೈಲಿನ ಮೇಲ್ಭಾಗದಲ್ಲಿ ಹೆಸರು, ಹಳೆಯ ವಿಳಾಸಗಳು, ಹುಟ್ಟಿದ ದಿನ, ಫೋನ್, ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುತ್ತದಲ್ಲ, ಅದಕ್ಕೆ ಕ್ರೆಡಿಟ್ ಹೆಡರ್ ಅನ್ನುತ್ತಾರೆ. ಇದರಲ್ಲಿ ಸಾಲದ ವಿವರ ಇಲ್ಲದ ಕಾರಣ ಇದು ರಿಪೋರ್ಟ್ ಅಲ್ಲ ಅನ್ನುವುದು ಬ್ಯೂರೋಗಳ ವಾದ. ಹಾಗಾಗಿ ಇದು ಬೇರೆ ದಾರಿಯಲ್ಲಿ ಮಾರಾಟವಾಗುತ್ತದೆ. ತಲೆಮರೆಸಿಕೊಂಡ ಸಾಲಗಾರರನ್ನು ಹುಡುಕುವ ಕೆಲಸಕ್ಕೆ ಇಲ್ಲಿ ಸ್ಕಿಪ್ ಟ್ರೇಸಿಂಗ್ ಅನ್ನುತ್ತಾರೆ. ಅದಕ್ಕೆ ಹೆಸರಾದ ಟಿಎಲ್‌ಒ ಅನ್ನುವ ಕಂಪನಿಯನ್ನು ಟ್ರಾನ್ಸ್‌ಯೂನಿಯನ್ 2013ರಲ್ಲಿ ಕೊಂಡಿತು. ಎಕ್ಸ್‌ಪೀರಿಯನ್ ‘ಕಲೆಕ್ಷನ್ ಟ್ರಿಗರ್ಸ್’ ಅನ್ನುವ ಸೇವೆ ಮಾರುತ್ತದೆ. ಸಾಲಗಾರನ ಫೈಲಿನಲ್ಲಿ ಹೊಸ ವಿಳಾಸವೋ ಹೊಸ ಫೋನ್ ನಂಬರೋ ಕಂಡರೆ ವಸೂಲಿಯವರಿಗೆ ಸುದ್ದಿ ಹೋಗುತ್ತದೆ. ಯಾವುದೂ ಗುಟ್ಟಲ್ಲ. ಅವರೇ ಜಾಹೀರಾತು ಮಾಡುತ್ತಾರೆ, ನಮ್ಮಂಥವರು ಓದುವ ಪುಟದಲ್ಲಿ ಅಲ್ಲ ಅಷ್ಟೇ. ಹೆಡರ್ ಮಾರಾಟಕ್ಕೂ ರಿಪೋರ್ಟಿನ ನಿಯಮವೇ ಅನ್ವಯಿಸಬೇಕು ಅಂತ ಗ್ರಾಹಕ ರಕ್ಷಣೆಯ ಕೇಂದ್ರ ಸಂಸ್ಥೆ ಸಿಎಫ್‌ಪಿಬಿ 2024ರ ಡಿಸೆಂಬರ್‌ನಲ್ಲಿ ಒಂದು ಕರಡು ತಂದಿತು. 2025ರ ಮೇ ತಿಂಗಳಲ್ಲಿ ಅದನ್ನು ವಾಪಸ್ ಪಡೆಯಿತು.

ಬ್ಯೂರೋಗಳು ಕಾನೂನಿನ ಗೆರೆ ದಾಟಿ ಮಾರಿದ ಆರೋಪಗಳೂ ಇವೆ. ಮನೆ ಸಾಲದ ಕಂತು ತಡವಾದ ಲಕ್ಷಾಂತರ ಜನರ ಪಟ್ಟಿಗಳನ್ನು ಅಕ್ರಮವಾಗಿ ಮಾರಿದ ಆರೋಪದ ಮೇಲೆ 2012ರಲ್ಲಿ ಈಕ್ವಿಫ್ಯಾಕ್ಸ್ ಮತ್ತು ಆ ಪಟ್ಟಿ ಕೊಂಡು ಮರುಮಾರಿದ ಕಂಪನಿ ಸೇರಿ ಸುಮಾರು 16 ಲಕ್ಷ ಡಾಲರ್ ಕಟ್ಟಲು ಒಪ್ಪಿದವು. ಲಕ್ಷಾಂತರ ಜನರ ಕಷ್ಟದ ಪಟ್ಟಿಗೆ 16 ಲಕ್ಷ. ತಲೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಲು ಹೋಗಬೇಡಿ, ಬೇಜಾರಾಗುತ್ತದೆ.

ಕೆಲಸಕ್ಕಿರುವವರು ‘ದಿ ವರ್ಕ್ ನಂಬರ್’ ಕೂಡ ನೋಡಲೇಬೇಕು. ಇದು ಈಕ್ವಿಫ್ಯಾಕ್ಸ್‌ನದು. 2007ರಲ್ಲಿ ಟ್ಯಾಲ್ಕ್ಸ್ ಅನ್ನುವ ಕಂಪನಿಯನ್ನು ಕೊಂಡಾಗ ಇದೂ ಜೊತೆಗೆ ಬಂತು. ದೊಡ್ಡ ದೊಡ್ಡ ಕಂಪನಿಗಳ ಎಚ್‌ಆರ್ ವಿಭಾಗಗಳು ಸಂಬಳದ ವಿವರವನ್ನು ನೇರ ಇಲ್ಲಿಗೆ ಕಳಿಸುತ್ತವೆ. ಅಲ್ಲಿಂದ ನೀವು ಎಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವ ಮಾಹಿತಿ ಪಡೆಯಬಹುದಾದವರಲ್ಲಿ ಸಾಲ ವಸೂಲಿಯವರೂ ಇದ್ದಾರೆ. ಕೋರ್ಟಿನಿಂದ ಆದೇಶ ತಂದು ಸಂಬಳದಲ್ಲೇ ಹಿಡಿಯಬೇಕಾದರೆ ಅವರಿಗೆ ಅದೇ ಬೇಕು. ನನ್ನ ವರದಿ ತರಿಸಿದಾಗ ಪ್ರತಿ ಸಂಬಳದ ಚೀಟಿಯೂ ದಿನಾಂಕದ ಸಮೇತ ಅಲ್ಲಿತ್ತು. ಹೆಂಡತಿಗೆ ತೋರಿಸಿದೆ. ‘ನನಗೇ ಇಷ್ಟು ವಿವರ ಹೇಳಿಲ್ಲವಲ್ಲ ನೀವು’ ಅಂದಳು. ಇದಕ್ಕೂ ಉಚಿತ ವರದಿ ಇದೆ, ಪ್ರತ್ಯೇಕ ಫ್ರೀಜ್ ಇದೆ. ಮೂರು ಬ್ಯೂರೋಗಳಲ್ಲಿ ಹಾಕಿದ ಫ್ರೀಜ್ ಇಲ್ಲಿಗೆ ಬರುವುದಿಲ್ಲ, ಬೇರೆಯಾಗಿ ಹಾಕಬೇಕು. ಮನೆ ಸಾಲ ತೆಗೆಯುವಾಗ ಈ ಫ್ರೀಜ್ ತೆಗೆಸುವುದು ಮಾತ್ರ ಮರೆಯಬೇಡಿ, ಬ್ಯಾಂಕಿನವರು ಕಾಯುತ್ತಾ ಕೂರುತ್ತಾರೆ.

ತಕರಾರು ವ್ಯವಸ್ಥೆಗೆ ಬರೋಣ. ವಸೂಲಿ ಕಂಪನಿ ಜೊತೆಗಿನ ಜಗಳ ಬೇಗ ಮುಗಿಯಿತು. ಅವರ ನೋಟಿಸ್ ಕೈಸೇರಿದ 30 ದಿನದೊಳಗೆ ‘ಈ ಸಾಲ ನನ್ನದಲ್ಲ, ದಾಖಲೆ ತೋರಿಸಿ’ ಅಂತ ಬರೆದರೆ, ತೋರಿಸುವ ತನಕ ಅವರು ವಸೂಲಿ ನಿಲ್ಲಿಸಬೇಕು. ಸರ್ಟಿಫೈಡ್ ಪೋಸ್ಟಿನಲ್ಲಿ ಕಾಗದ ಹಾಕಿದೆ, ಕರೆ ನಿಂತಿತು. ಫೋನಿನಲ್ಲಿ ಕೂಗಾಡುವುದರಿಂದ ಏನೂ ಆಗುವುದಿಲ್ಲ. ಇನ್ನೊಂದು ಮಾತು, ವೀಸಾದಲ್ಲಿರುವವರು ‘ಡಿಪೋರ್ಟ್ ಮಾಡಿಸುತ್ತೇವೆ’ ಅನ್ನುವ ಮಾತಿಗೆ ಹೆದರಬೇಡಿ. ಹಾಗೆ ಸುಮ್ನೆ ಬೆದರಿಸುವುದೇ ಕಾನೂನುಬಾಹಿರ.

ಬ್ಯೂರೋ ಜೊತೆಗಿನದು ಮಾತ್ರ ಎಳೆಯಿತು. ಆನ್‌ಲೈನಿನಲ್ಲಿ ತಕರಾರು ಹಾಕಿದೆ. ‘ಪರಿಶೀಲಿಸಲಾಗಿದೆ, ಮಾಹಿತಿ ಸರಿಯಾಗಿದೆ’ ಅಂತ ಉತ್ತರ ಬಂತು. ಪರಿಶೀಲನೆ ಅಂದರೆ ನಮ್ಮ ದೂರನ್ನು ಒಂದು ಕೋಡ್ ಮಾಡಿ ಮಾಹಿತಿ ಕೊಟ್ಟವರಿಗೇ ಕಳಿಸಿ, ಅವರು ಹೌದು ಅಂದರೆ ಮುಗಿಯಿತು. ಆಮೇಲೆ ಬಾಡಿಗೆ ಕರಾರು, ಲೈಸೆನ್ಸ್ ಪ್ರತಿ ಎಲ್ಲ ಇಟ್ಟು ಅಂಚೆಯಲ್ಲಿ ಕಳಿಸಿದೆ. ಸಿಎಫ್‌ಪಿಬಿಗೂ ದೂರು ಕೊಟ್ಟೆ. ಆಗ ಆ ವಿಳಾಸ, ಆ ಬಾಕಿ ಎರಡೂ ಹೋದವು. 2025ರ ಜನವರಿಯಲ್ಲಿ ತಕರಾರುಗಳನ್ನು ಸರಿಯಾಗಿ ವಿಚಾರಿಸದ ಕಾರಣಕ್ಕೆ ಈಕ್ವಿಫ್ಯಾಕ್ಸ್‌ಗೆ ಸಿಎಫ್‌ಪಿಬಿ 1.5 ಕೋಟಿ ಡಾಲರ್ ದಂಡ ಹಾಕಿತು. ಅದೇ ತಿಂಗಳು ಎಕ್ಸ್‌ಪೀರಿಯನ್ ಮೇಲೂ ಇಂಥದೇ ದಾವೆ ಹೂಡಿತು. ಹಾಗಾಗಿ ಈ ಕಥೆ ನನ್ನೊಬ್ಬನದಲ್ಲ.

ಊರಿನಿಂದ ಕೇಳುವವರಿಗೆ: ಭಾರತದಲ್ಲೂ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಇವೆ. ಜೊತೆಗೆ ಸಿಆರ್‌ಐಎಫ್ ಹೈ ಮಾರ್ಕ್. ಅಲ್ಲಿ ಒಂದು ವಿಷಯ ಇಲ್ಲಿಗಿಂತ ಚೆನ್ನಾಗಿದೆ. ನಿಮ್ಮ ರಿಪೋರ್ಟನ್ನು ಬ್ಯಾಂಕೋ ಫೈನಾನ್ಸ್ ಕಂಪನಿಯೋ ನೋಡಿದರೆ ಎಸ್‌ಎಂಎಸ್ ಅಥವಾ ಇಮೇಲ್‌ನಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದೆ. ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ಬ್ಯೂರೋದಲ್ಲಿ ನಿಮ್ಮ ಸರಿಯಾದ ಮೊಬೈಲ್ ನಂಬರ್ ಇದೆಯಾ ನೋಡಿಕೊಳ್ಳಿ. ಆದರೆ ತೀರಾ ನಿಶ್ಚಿಂತೆ ಬೇಡ. 2023ರ ಡೇಟಾ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್, ಬ್ಯಾಂಕ್ ಸಾಲ ಕಟ್ಟದವರ ಹಣಕಾಸು ಮತ್ತು ಆಸ್ತಿಪಾಸ್ತಿಯ ಮಾಹಿತಿ ತಿಳಿಯುವುದಕ್ಕೆ ವಿನಾಯಿತಿ ಕೊಟ್ಟಿದೆ.

ಅಂಕ ಕೊಡುವುದಾದರೆ, ಉಚಿತ ರಿಪೋರ್ಟಿಗೆ ಐದಕ್ಕೆ ನಾಲ್ಕೂವರೆ. ಫ್ರೀಜ್‌ಗೆ ನಾಲ್ಕು, ಹಾಕುವುದು ತೆಗೆಯುವುದು ಆನ್‌ಲೈನಿನಲ್ಲಿ ಬೇಗ ಆಗುತ್ತದೆ. ತಕರಾರು ವ್ಯವಸ್ಥೆಗೆ ಎರಡು, ಅಂಚೆಯಲ್ಲಿ ಕಳಿಸುವುದಾದರೆ ಎರಡೂವರೆ. ಮಾನಿಟರಿಂಗ್ ಚಂದಾಕ್ಕೆ ಒಂದು. ಹೊಸ ಖಾತೆ ತೆರೆದರೆ ಮೆಸೇಜ್ ಬರುತ್ತಿತ್ತು, ಅದು ನಿಜ. ವಸೂಲಿಯವರು ಫೈಲ್ ನೋಡಿದ ದಿನ ಮಾತ್ರ ಬರಲಿಲ್ಲ. ಕಾರಣ ಕೇಳಿದೆ. ಆ ಅಲರ್ಟ್ ನಮ್ಮ ಪ್ಲಾನಿನಲ್ಲಿ ಇಲ್ಲ ಅಂದರು. ಯಾವ ಪ್ಲಾನಿನಲ್ಲಿ ಇದೆ ಅಂದೆ. ಯಾವುದರಲ್ಲೂ ಇಲ್ಲವಂತೆ. ಚಂದಾ ನಿಲ್ಲಿಸಿದೆ.