ತಮ್ಮನ ಕೈ ಆಪರೇಷನ್: ಸರ್ಜನ್‌ಗೆ ಐದು ಸ್ಟಾರ್, ಬಿಲ್ಲಿಂಗ್ ಕೌಂಟರಿಗೆ ಒಂದು

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ, ಬೈಯುವುದೂ ಸ್ವಲ್ಪ ಇದೆ.

ನನ್ನ ತಮ್ಮ ನೆಲಮಂಗಲದಿಂದ ಬರುವಾಗ ಬೈಕಿನಿಂದ ಬಿದ್ದ. ಬಲಭುಜ ನೆಲಕ್ಕೆ ಬಡಿದು, ಕತ್ತು ಇನ್ನೊಂದು ಕಡೆಗೆ ಎಳೆದುಹೋಗಿತ್ತು. ಮೊದಲು ಸೇರಿಸಿದ ಕಡೆ ಕಾಲರ್ ಬೋನಿಗೆ ಪ್ಲೇಟ್ ಹಾಕಿದರು. ಕೈ ಎತ್ತೋಕೆ ಆಗ್ತಿಲ್ಲ, ಮೊಣಕೈ ಮಡಿಸೋಕೂ ಆಗ್ತಿಲ್ಲ ಎಂದರೆ "ಬೆರಳು ಆಡ್ತಿದೆಯಲ್ಲ, ತಾನಾಗೇ ಸರಿಹೋಗುತ್ತೆ" ಎಂದು ಕಳಿಸಿಬಿಟ್ಟರು. ನಾವೂ ನಂಬಿಕೊಂಡು ನಾಲ್ಕು ತಿಂಗಳು ಸುಮ್ನೆ ಎಣ್ಣೆ ತಿಕ್ಕುತ್ತಾ ಕೂತೆವು.

ಎರಡನೇ ಆಸ್ಪತ್ರೆಯ ಸರ್ಜನ್ ಇಎಂಜಿ (ನರ, ಸ್ನಾಯುವಿನ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ), ಎಂಆರ್‌ಐ ಎರಡೂ ನೋಡಿ, ಚೀಟಿಯ ಹಿಂದೆ ಚಿತ್ರ ಬರೆದರು. ಕತ್ತಿನಿಂದ ಕೈಗೆ ಐದು ನರದ ಬೇರು ಬರುತ್ತವೆ. ಇವನಿಗೆ ಮೇಲಿನ ಎರಡು, ಸಿ5 ಮತ್ತು ಸಿ6, ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದವು. ಬೆರಳಿನ ನರ ಹೆಚ್ಚಾಗಿ ಕೆಳಗಿನ ಬೇರಿನದು, ಅದಕ್ಕೇ ಬೆರಳು ಆಡುತ್ತಿತ್ತು! ಕಿತ್ತ ಬೇರನ್ನು ಹೊಲಿಯೋಕೆ ಬರುವುದಿಲ್ಲವಂತೆ. ಅದಕ್ಕೆ ಅಂಗೈಗೆ ಹೋಗುವ ಅಲ್ನಾರ್ ನರದಿಂದ ಒಂದು ಎಳೆ ತೆಗೆದು ಮೊಣಕೈ ಮಡಿಸುವ ಸ್ನಾಯುವಾದ ಬೈಸೆಪ್ಸ್‌ನ ನರಕ್ಕೆ, ಭುಜ ಕುಣಿಸುವ ನರದಿಂದ ಒಂದು ಕವಲು ತೆಗೆದು ತೋಳು ಎತ್ತುವ ನರಕ್ಕೆ ಜೋಡಿಸಿದರು. ಪಕ್ಕದ ಮನೆಯಿಂದ ಕರೆಂಟ್ ಎಳೆದ ಹಾಗೆ. ಇದನ್ನು ಆರು ತಿಂಗಳೊಳಗೆ ಮಾಡಿಸಿದರೆ ಒಳ್ಳೆಯದು, ತುಂಬಾ ತಡವಾದರೆ ನರ ಬೆಳೆದು ಬಂದರೂ ಸ್ನಾಯು ಕೆಲಸ ಮಾಡುವುದಿಲ್ಲ ಎಂದರು. ಅದನ್ನು ಕೇಳಿ ಅಮ್ಮ ಅಲ್ಲೇ ಅತ್ತರು. ಬಿದ್ದ ಮೇಲೆ ಕೈ ಏಳದಿದ್ದರೆ ಮೂರ್ನಾಲ್ಕು ವಾರಕ್ಕೇ ಇಎಂಜಿ ಮಾಡಿಸಿ, ನಮ್ಮ ಹಾಗೆ ಕಾಯಬೇಡಿ.

ಬಿಲ್ಲಿಂಗ್ ಕೌಂಟರ್ ಮಾತ್ರ ಶುದ್ಧ ತಲೆನೋವು. ಇನ್ಶೂರೆನ್ಸ್ ಕಾಗದಕ್ಕೆ ಮೂರು ಸಲ ಓಡಾಡಿಸಿದರು, ಡಿಸ್ಚಾರ್ಜ್ ದಿನ ಸಂಜೆ ಏಳರವರೆಗೆ ಕೂರಿಸಿದರು. ಊಟ ಪರವಾಗಿಲ್ಲ.

ಫಿಸಿಯೋ ಮೇಡಂ ಬಗ್ಗೆ ಹೇಳಲೇಬೇಕು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟು ದಿನ ಏನೂ ಕಾಣದಿದ್ದರೂ ಬರ್ತಾ ಇರಬೇಕು ಎಂದು ಇವನಿಗೆ ಗದರುತ್ತಿದ್ದರು. ಆಪರೇಷನ್ ಆಗಿ ಐದನೇ ತಿಂಗಳಲ್ಲಿ ಬೈಸೆಪ್ಸ್ ಸಣ್ಣಗೆ ಅದುರಿತು. ತಮಾಷೆ ಅಂದರೆ ಮೊದಮೊದಲು ಮೊಣಕೈ ಮಡಿಸಲು ಇವನು ಮುಷ್ಟಿ ಬಿಗಿಯಬೇಕಿತ್ತು, ನರ ಅಲ್ಲಿಂದ ಬಂದಿದ್ದಲ್ವಾ! ಈಗ ಬಲಗೈಯಲ್ಲೇ ತುತ್ತು ಬಾಯಿಗೆ ಬರುತ್ತದೆ. ತಲೆ ಬಾಚಲು ಇನ್ನೂ ಎಡಗೈಯೇ, ಭುಜ ಪೂರ್ತಿ ಬರಲಿಕ್ಕಿಲ್ಲ ಎಂದು ಸರ್ಜನ್ ಆಪರೇಷನ್ನಿಗೆ ಮೊದಲೇ ಹೇಳಿದ್ದರು.