ಒಂದೇ ಕೈಪಿಡಿ, ಮೂರು ಅಚ್ಚು: ಡಾಕ್‌ಬುಕ್, ಎಸ್1000ಡಿ, ಡಿಟಾ

ದೊಡ್ಡ ಪಂಪೊಂದರ ಕೈಪಿಡಿ ಬರೆಯಬೇಕಿತ್ತು. ಅದನ್ನು ನಡೆಸುವ ಸಾಫ್ಟ್‌ವೇರಿಗೂ ಇನ್ನೊಂದು. ಎರಡಕ್ಕೂ ಒಂದೇ ಎಕ್ಸ್‌ಎಂಎಲ್ (ಬರಹದ ಪ್ರತಿ ಭಾಗಕ್ಕೂ ಟ್ಯಾಗ್ ಅನ್ನುವ ಗುರುತು ಹಚ್ಚುವ ವಿಧಾನ) ಅಚ್ಚು ಇದ್ದರೆ ಒಳ್ಳೆಯದು, ಅಲ್ವಾ? ಯಾವುದು ಒಗ್ಗುತ್ತದೆ ಅಂತ ವಾದ ಮಾಡಿ ಸಾಕಾಯಿತು. ಕೊನೆಗೆ ‘ಪಂಪಿನ ಸೀಲ್ ಬದಲಾಯಿಸುವುದು’ ಮತ್ತು ‘ಪಾಸ್‌ವರ್ಡ್ ಬದಲಾಯಿಸುವುದು’ ಎಂಬ ಎರಡು ಭಾಗಗಳನ್ನು ಡಾಕ್‌ಬುಕ್, ಎಸ್1000ಡಿ, ಡಿಟಾ ಮೂರರಲ್ಲೂ ಬರೆದು ನೋಡಿದೆ.

ಡಾಕ್‌ಬುಕ್ಕಿನಲ್ಲಿ ಅರ್ಧ ದಿನದಲ್ಲೇ ಕೆಲಸ ಮುಗಿಯಿತು. 1991ರಲ್ಲಿ ಶುರುವಾದ ಹಳೆಯ ಅಚ್ಚು ಇದು. ಪುಸ್ತಕ, ಅಧ್ಯಾಯ, ವಿಭಾಗ ಅಂತ ನಾವು ಯೋಚಿಸುವ ಹಾಗೇ ಇದೆ. ಮೆನು, ಕಮಾಂಡ್, ಫೈಲ್ ಹೆಸರು, ಎಲ್ಲಕ್ಕೂ ಟ್ಯಾಗ್ ಇವೆ. ಪಾಸ್‌ವರ್ಡ್ ಭಾಗ ಸಲೀಸಾಗಿ ಬಂತು. ಸೀಲಿನ ಭಾಗಕ್ಕೆ ಬಂದರೆ ಸ್ಪ್ಯಾನರ್, ಗ್ರೀಸ್, ಬಿಡಿಭಾಗಗಳಿಗೆ ಅಂತಲೇ ಜಾಗ ಇಲ್ಲ. ಸುಮ್ನೆ ಒಂದು ಪಟ್ಟಿ ಹಾಕಿದೆ. ನಾಳೆ ಬೇರೆಯವರು ಅದನ್ನೇ ಟೇಬಲ್ ಮಾಡುತ್ತಾರೆ, ಬೇಡ ಅನ್ನುವವರಿಲ್ಲ.

ಎಸ್1000ಡಿ ವಿಮಾನದವರ ಮನೆಯಿಂದ ಬಂದದ್ದು. ಇಲ್ಲಿ ಪ್ರತಿ ತುಣುಕೂ ಒಂದು ಡೇಟಾ ಮಾಡ್ಯೂಲ್, ಪ್ರತಿಯೊಂದಕ್ಕೂ ಕನಿಷ್ಠ 17 ಅಕ್ಷರದ ಕೋಡ್. ಆ ಕೋಡ್ ಕೂಡಿಸುವುದರಲ್ಲೇ ನನ್ನ ಒಂದು ಸಂಜೆ ಹೋಯಿತು. ಭಾಗವನ್ನು ತೆಗೆಯುವ ಕೆಲಸಕ್ಕೆ 520, ಕೂರಿಸುವುದಕ್ಕೆ 720 ಅಂತ ಅದರೊಳಗೇ ಬರೆಯಬೇಕು. ಮೊದಲ ಹೆಜ್ಜೆಗೂ ಮುಂಚೆ ಷರತ್ತು, ಸಲಕರಣೆ, ಸಾಮಗ್ರಿ, ಬಿಡಿಭಾಗ, ಸುರಕ್ಷತೆ ಹೇಳಲೇಬೇಕು. ಏನೂ ಬೇಡವಾದರೆ ‘ಬೇಡ’ ಅಂತ ಟ್ಯಾಗ್ ಹಾಕಬೇಕು, ಖಾಲಿ ಬಿಡುವ ಹಾಗಿಲ್ಲ.

ಮೊದಲು ಸಿಟ್ಟೇ ಬಂತು. ಬಿಡಿಭಾಗದ ಜಾಗಕ್ಕೆ ಬಂದಾಗ ಕೈ ನಿಂತಿತು. ಹೊಸ ಓ-ರಿಂಗ್ (ಸೋರದಂತೆ ತಡೆಯುವ ಬಳೆ) ಬೇಕು ಅನ್ನುವ ಮಾತು ನಾನೇ ಬರೆದಿದ್ದ ಹಳೆಯ ಕೈಪಿಡಿಯಲ್ಲಿ ಒಂಬತ್ತನೇ ಹೆಜ್ಜೆಯಲ್ಲಿತ್ತು! ಅಷ್ಟು ಹೊತ್ತಿಗೆ ಮೆಕ್ಯಾನಿಕ್ ಪಂಪನ್ನು ಪೂರ್ತಿ ಬಿಚ್ಚಿರುತ್ತಾನೆ. ಇಷ್ಟು ದಿನ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಆದರೆ ಪಾಸ್‌ವರ್ಡ್ ಬದಲಾಯಿಸಲು ‘ಸಲಕರಣೆ ಬೇಡ, ಸಾಮಗ್ರಿ ಬೇಡ, ಬಿಡಿಭಾಗ ಬೇಡ’ ಅಂತ ಬರೆಯುವಾಗ ನಗು ಬಂತು.

ಡಿಟಾ ಹುಟ್ಟಿದ್ದು ಐಬಿಎಂನಲ್ಲಿ, 2005ರಲ್ಲಿ ಓಯಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಇಲ್ಲಿ ಬರಹದ ಪ್ರತಿ ತುಣುಕೂ ಒಂದು ಟಾಪಿಕ್. ಕೆಲಸ ಮಾಡುವ ಬಗೆ ಹೇಳುವ ಟಾಸ್ಕ್ ಅನ್ನುವ ಟಾಪಿಕ್‌ನಲ್ಲಿ ಒಂದು ಹೆಜ್ಜೆಗೆ ಒಂದೇ ಆಜ್ಞೆ. ‘ಮೊದಲು ವಿದ್ಯುತ್ ಕಡಿತಗೊಳಿಸಿ’ ಎಂಬ ಎಚ್ಚರಿಕೆಯನ್ನು ಒಮ್ಮೆ ಬರೆದು, ಕಾನ್‌ರೆಫ್ ಅನ್ನುವ ಕೊಂಡಿಯ ಮೂಲಕ ಎರಡೂ ಕೈಪಿಡಿಗೆ ಎಳೆದುಕೊಂಡೆ. ನನಗೆ ಜಾಸ್ತಿ ಹಿಡಿಸಿದ್ದು ಸ್ಪೆಷಲೈಸೇಶನ್. ಇದ್ದ ಟ್ಯಾಗಿನಿಂದಲೇ ಹೊಸ ಟ್ಯಾಗ್ ಹುಟ್ಟಿಸಬಹುದು. ಆ ಹೊಸ ಹೆಸರು ಗೊತ್ತಿಲ್ಲದ ಸಾಫ್ಟ್‌ವೇರ್ ಅದನ್ನು ಮೂಲ ಟ್ಯಾಗ್ ಅಂತಲೇ ಓದಿಕೊಳ್ಳುತ್ತದೆ. 2010ರ 1.2 ಆವೃತ್ತಿಯಲ್ಲಿ ಯಂತ್ರೋದ್ಯಮಕ್ಕೆ ಅಂತಲೇ ಒಂದು ಟಾಸ್ಕ್ ಸೇರಿದೆ. ತೆರೆದು ನೋಡಿದರೆ ಎಸ್1000ಡಿಯಲ್ಲಿ ನನ್ನನ್ನು ಕಾಡಿದ ಅದೇ ಪಟ್ಟಿ: ಷರತ್ತು, ಸಲಕರಣೆ, ಬಿಡಿಭಾಗ, ಸುರಕ್ಷತೆ. 17 ಅಕ್ಷರದ ಕೋಡ್ ಮಾತ್ರ ಇಲ್ಲ. ಪಂಪಿಗೆ ಆ ಟಾಸ್ಕ್, ಸಾಫ್ಟ್‌ವೇರಿಗೆ ಮಾಮೂಲಿ ಟಾಸ್ಕ್. ನಾನು ಆರಿಸಿದ್ದು ಇದನ್ನೇ.

ಕಿರಿಕಿರಿ ಇಲ್ಲ ಅಂತಲ್ಲ. ಡಿಟಾ ಫೈಲುಗಳನ್ನು ಪುಟಗಳಾಗಿ ಮಾಡಿಕೊಡುವ ಡಿಟಾ ಓಪನ್ ಟೂಲ್‌ಕಿಟ್ ಸಾಫ್ಟ್‌ವೇರಿನಿಂದ ಬರುವ ಪಿಡಿಎಫ್ ಅನ್ನು ನೋಡುವ ಹಾಗೆ ಮಾಡಲು ಬರವಣಿಗೆಗಿಂತ ಜಾಸ್ತಿ ದಿನ ಹಿಡಿಯಿತು. ಟ್ಯಾಗ್ ಹುಟ್ಟಿಸಬಹುದು ಅಂತ ಗೊತ್ತಾದ ಖುಷಿಯಲ್ಲಿ ಆರು ಹುಟ್ಟಿಸಿದೆ, ತಿಂಗಳೊಳಗೆ ನಾಲ್ಕನ್ನು ಕಿತ್ತುಹಾಕಿದೆ. ಜೊತೆಗೆ, ಆ ಪಟ್ಟಿ ಇಲ್ಲಿ ಕಡ್ಡಾಯವಲ್ಲ. ಬಿಟ್ಟರೂ ಫೈಲ್ ‘ಸರಿ’ ಅನ್ನುತ್ತದೆ. ನಮ್ಮ ಮನೆ ನಿಯಮಗಳನ್ನು ಹಾಕಿಡಲು ಎಸ್1000ಡಿಯಲ್ಲಿ ಬ್ರೆಕ್ಸ್ ಅನ್ನುವ ಮಾಡ್ಯೂಲೇ ಇದೆ. ಇಲ್ಲಿ ಸ್ಕೀಮಟ್ರಾನ್ (ಎಕ್ಸ್‌ಎಂಎಲ್ ಫೈಲನ್ನು ಪರೀಕ್ಷಿಸುವ ನಿಯಮಗಳ ಭಾಷೆ) ನಿಯಮ ನಾನೇ ಬರೆದೆ: ಬಿಡಿಭಾಗದ ಸಾಲು ಇಲ್ಲದ ಪಂಪಿನ ಟಾಸ್ಕ್ ಸಿಕ್ಕರೆ ಕೆಂಪು ಗೆರೆ.

ವಿಮಾನ ಅಥವಾ ಸೇನೆಯ ಗ್ರಾಹಕರು ಕರಾರಿನಲ್ಲೇ ಎಸ್1000ಡಿ ಅಂತ ಬರೆದಿದ್ದರೆ ಈ ಹೋಲಿಕೆಯೆಲ್ಲ ಬೇಕಾಗಿಲ್ಲ, ಅದನ್ನೇ ಕಲಿಯಬೇಕು. ಇಡೀ ಕೆಲಸ ಒಂದು ಉದ್ದನೆಯ ಸಾಫ್ಟ್‌ವೇರ್ ಪುಸ್ತಕವಾಗಿದ್ದರೆ ನಾನು ಈಗಲೂ ಡಾಕ್‌ಬುಕ್ಕಿಗೇ ಹೋಗುತ್ತೇನೆ.